ಎಮ್ಮಿ ಮನಿ ಸ್ಟಾಪ್

ಊರೂ ಅಲ್ಲದ, ಹೊಲವೂ ಅಲ್ಲದ ಜಾಗದಲ್ಲಿ ಮನೆ ಕಟ್ಟಿಸಿಕೊಂಡವನಿಗೆ ದಿನಕ್ಕೊಂದು ಅವಮಾನ ತಪ್ಪಿದ್ದಲ್ಲ. ನಾನು ಕಟ್ಟಿಸಿದ್ದು ಬೈಲಹೊಂಗಲದಾಚೆ, ನೇಸರಗಿ ರಸ್ತೆಯ ಹೊಸ ಪ್ಲಾಟುಗಳಲ್ಲಿ, ತೊಂಬತ್ತರ ದಶಕದ ನಡುವೆ. ಅಲ್ಲಿ ಮೊದಲ ಆರ್‌ಸಿಸಿ ಮನೆ ನನ್ನದು, ಮೊದಲ ಎಂ.ಎ. ಕೂಡ ನಾನೇ.

೧. ಕರಿಕಲ್ಲು

ಮನೆಗೆ ‘ಜ್ಞಾನದೀಪ’ ಎಂದು ಹೆಸರಿಟ್ಟು ಕರಿಕಲ್ಲಿನಲ್ಲಿ ಕೆತ್ತಿಸಿದೆ. ಎದುರಿಗಿದ್ದದ್ದು ಗೌಡರ ಹೆಂಚಿನ ಮನೆ, ಒಂದು ಬೇವಿನ ಮರ, ಮರಕ್ಕೆ ಕಟ್ಟಿದ ಒಂದು ಎಮ್ಮೆ.

ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದೆ: "ಜ್ಞಾನದೀಪದ ಹತ್ರ ನಿಲ್ಲಸ್ರಿ."

"ಅದ್ಯಾವ ಊರ್ರಿ ಸರ?"

"ಪ್ಲಾಟಿನ್ಯಾಗಿನ ದೊಡ್ಡ ಮನಿ. ಕಲ್ಲಿನ್ಯಾಗ ಹೆಸರ ಬರಿಸೇನಿ."

ಅವನು ಕಿಟಕಿಯಿಂದ ಬಗ್ಗಿ ನೋಡಿದ. "ಎಮ್ಮಿ ಮನಿ ಅನ್ನಬಾರದೇನ್ರಿ ಮೊದಲ!" ಎಂದು ಸೀಟಿ ಊದಿದ.

ಅಂದಿನಿಂದ ಸ್ಟಾಪಿಗೆ ಅದೇ ಹೆಸರು. ಎಮ್ಮೆ ಓದಿರಲಿಲ್ಲ, ಕೆತ್ತಿಸಿರಲಿಲ್ಲ. ಮೆಲುಕು ಹಾಕುತ್ತಾ ನಿಂತಿತ್ತು, ಅಷ್ಟೇ. ಒಂದು ಎಮ್ಮೆಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಪದವೀಧರ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

೨. ಫೋನು

ಫೋನು ಹಾಕಿಸಿದೆ. ಪ್ಲಾಟುಗಳಿಗೆಲ್ಲ ಒಂದೇ ಫೋನು. ಇನ್ನು ‘ಫೋನಿನ ಮನೆ’ ಅನ್ನದೆ ಜನಕ್ಕೆ ಗತಿಯಿಲ್ಲ ಎಂದುಕೊಂಡೆ. ಮೊದಲ ಕರೆ ಮುರಗೋಡದಿಂದ, ಗೌಡರ ಬೀಗರದು.

"ಎಮ್ಮಿ ಈದೈತೇನ್ರಿ?"

ರಸ್ತೆ ದಾಟಿ ಹೋಗಿ, ಕೇಳಿಕೊಂಡು ಬಂದು, "ಈದೈತಿ, ಹೆಣ್ಣ ಕರಾ" ಎಂದೆ.

"ಭಾಳ ಚೊಲೊ ಆತು. ತಾವು ಯಾರ್ರಿ?"

"ಕಾಲೇಜಿನ ಪ್ರೊಫೆಸರು. ಫೋನು ನಂದು."

"ಹಾಂ ಹಾಂ, ಎಮ್ಮಿ ಮನಿ ಎದರಿಗಿನವ್ರು!"

೩. ಬೋರ್ಡು

ಸ್ಟಾಪಿಗೆ ‘ಜ್ಞಾನದೀಪ’ ಎಂದು ಬೋರ್ಡು ಹಾಕಬೇಕೆಂದು ಅರ್ಜಿ ಬರೆದೆ. ಮೊದಲ ಸಹಿ ಗೌಡರದೇ. "ಹಾಕಸ್ರಿ ಸರ, ಹೆಸರು ಚೊಲೊ ಐತಿ" ಎಂದರು. ಎದುರಾಳಿ ಹೀಗೆ ಪ್ರೋತ್ಸಾಹ ಕೊಟ್ಟರೆ ಉರಿಯುವುದು ನಮ್ಮ ಹೊಟ್ಟೆಯೇ.

ಬೋರ್ಡು ಬಂತು. ಕಂಡಕ್ಟರಿಗೂ ಅನುಕೂಲವಾಯಿತು. ಹೊಸಬರು ಹತ್ತಿದರೆ ಹೇಳತೊಡಗಿದ: "ಮುಂದ ಒಂದ ಬೋರ್ಡ ಕಾಣತೈತಿ ನೋಡ್ರಿ, ಅದ ಎಮ್ಮಿ ಮನಿ."

೪. ಎಮ್ಮೆ

ವರ್ಷಗಳಾದವು. ಗೌಡರಿಗೆ ಮೊಣಕಾಲು ನೋವು. ಎಮ್ಮೆ ಮಾರುತ್ತಾರೆಂದು ಸುದ್ದಿ. ನಾನೇ ಕೊಂಡೆ.

"ಹಿಂಡಾಕ ಬರತೈತೇನ ನಿಮಗ?" ಎಂದಳು ಹೆಂಡತಿ.

"ಕಟ್ಟಾಕ ಬಂದ್ರ ಸಾಕು" ಎಂದೆ.

ಕರಿಕಲ್ಲಿನ ಕೆಳಗೇ ಗೂಟ ಹೊಡೆಸಿ ಕಟ್ಟಿದೆ. ಮರುದಿನ ಸಂಜೆ ಕಾಲೇಜು ಮುಗಿಸಿ ಬಸ್ಸು ಹತ್ತಿ, ಮೊದಲ ಸಲ ತಲೆ ಎತ್ತಿ, "ಎಮ್ಮಿ ಮನಿ" ಎಂದೆ. ಕಂಡಕ್ಟರ್ ಗೌಡರ ಬೇವಿನ ಮರದ ಮುಂದೆಯೇ ನಿಲ್ಲಿಸಿದ.

"ಎಮ್ಮಿ ಈಗ ನಮ್ಮ ಮನ್ಯಾಗೈತೋ!"

"ಊರ ಅಗಸಿ ಬಾಗಲಾ ಬಿದ್ದ ಎಷ್ಟ ವರ್ಷಾತ್ರಿ ಸರ? ಜನ ಅಗಸಿ ಅನ್ನೂದ ಬಿಟ್ಟಾರೇನು?"

ಇಳಿದು ನೋಡಿದರೆ ನನ್ನ ಗೂಟ ಖಾಲಿ. ಮೇಯಲು ಹೋದ ಎಮ್ಮೆ ಮರಳಿ ಬಂದು, ನನ್ನ ಕರಿಕಲ್ಲು ದಾಟಿ, ನೇರ ಬೇವಿನ ಮರದಡಿ ನಿಂತಿತ್ತು. ಹಗ್ಗ ಹಿಡಿದು ಎಳೆದೆ. ಅಲ್ಲಾಡಲಿಲ್ಲ. ಬಸ್ಸಿಗೆ ಬಸ್ಸೇ ನೋಡುತ್ತಿತ್ತು.

ಗೌಡರು ಕಟ್ಟೆಯಿಂದ ಮೆಲ್ಲಗೆ ಎದ್ದು ಬಂದು ಸಮಾಧಾನ ಹೇಳಿದರು:

"ಸಿಟ್ಟಾಗಬ್ಯಾಡ್ರಿ ಸರ. ಅದಕ್ಕೂ ಸ್ಟಾಪ್ ಗೊತ್ತೈತಿ."