ಕಾಕಾನ ಫುಟ್‌ಬಾಲ್ ನಿಬ್ಬಣ

ನಮ್ಮ ಕಾಕಾ ಇಲ್ಲಿಯವರೆಗೆ ಒಂದೇ ಒಂದು ಫುಟ್‌ಬಾಲ್ ಪಂದ್ಯವನ್ನೂ ನೋಡಿಲ್ಲ. ಹಾಗೆಯೇ ತಮ್ಮ ಕ್ಲಬ್ಬಿನ ಒಂದೇ ಒಂದು ಪಂದ್ಯವನ್ನೂ ತಪ್ಪಿಸಿಲ್ಲ! ಇದೇನು ಒಗಟು ಎನ್ನಬೇಡಿ. ಆಟ ನಡೆಯುವಷ್ಟು ಹೊತ್ತೂ ಅವರು ಮೈದಾನದ ಅಂಚಿಗೆ ಕುರ್ಚಿ ಹಾಕಿಕೊಂಡು, ಆಟಕ್ಕೆ ಬೆನ್ನು ಮಾಡಿ, ನೋಡಲು ಬಂದ ನಮ್ಮ ಕಡೆಗೆ ಮುಖ ಮಾಡಿ ಕೂತಿರುತ್ತಾರೆ. ಯಾರಿಗೆ ನೀರು ಬೇಕು, ಯಾರ ತಲೆ ಬಿಸಿಲಿಗೆ ಕಾಯುತ್ತಿದೆ, ಯಾರು ಚಪ್ಪಾಳೆ ಹೊಡೆಯುವುದು ಬಿಟ್ಟು ಮೊಬೈಲ್ ತಿಕ್ಕುತ್ತಿದ್ದಾರೆ ಎಂದು ನೋಡುವುದೇ ಅವರ ಆಟ. ಬೆನ್ನ ಹಿಂದೆ ಗೋಲಾದದ್ದು ಅವರಿಗೆ ನಮ್ಮ ಮುಖದಿಂದಲೇ ತಿಳಿಯುತ್ತದೆ. ನಾವು ಕುಣಿದರೆ ಗೋಲು ನಮ್ಮದು, ತಲೆಯ ಮೇಲೆ ಕೈ ಹೊತ್ತರೆ ಎದುರಿನವರದು.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಹಳೇ ಹುಬ್ಬಳ್ಳಿಯ ಅರ್ಧ ಜನ "ಹೌದ್ರಿ, ನಮ್ಮನ್ನೂ ಬಸ್ ಹತ್ತಿಸಿದ್ರು" ಎಂದು ಎದ್ದು ನಿಲ್ಲುತ್ತಾರೆ. ಅಲ್ಲಿ ಅವರದು ಪೆಂಡಾಲ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ. ಕುರ್ಚಿ, ಜಮಖಾನೆ, ಅನ್ನದ ಹಂಡೆ, ಮದುಮಕ್ಕಳು ಕೂರುವ ಕೆಂಪು ಸೋಫಾ ಎಲ್ಲ ಸಿಗುತ್ತವೆ. ಆ ಓಣಿಯಲ್ಲಿ ಯಾರ ಮದುವೆಯೂ ಕಾಕಾನ ಕುರ್ಚಿಯ ಮೇಲೆ ಕೂರದೆ ಮುಗಿಯುವುದಿಲ್ಲ. ಹೀಗಾಗಿ ಜಗತ್ತಿನ ಯಾವ ಸಂಗತಿಯೂ ಮದುವೆಯ ಭಾಷೆಗೆ ಇಳಿಯದೆ ಅವರ ತಲೆಗೆ ಹೋಗುವುದಿಲ್ಲ.

ಒಮ್ಮೆ ಕೆಣಕಲೆಂದೇ ಕೇಳಿದೆ: "ಕಾಕಾ, ಇಷ್ಟ ವರ್ಷ ಆತು, ಆಫ್‌ಸೈಡ್ ಅಂದ್ರ ಏನು ಹೇಳ್ರಿ ನೋಡೂಣು."

"ಅದರಾಗೇನೈತವಾ? ಕರಿಯೂಕಿಂತ ಮೊದ್ಲ ಹೋಗಿ ಊಟದ ಪಂಕ್ತ್ಯಾಗ ಕುಂತಂಗ. ಎಬ್ಬಿಸಿ ಕಳಸ್ತಾರ!"

ಆಮೇಲೆ ಆಟ ಬಲ್ಲವರೊಬ್ಬರು ಕಾಗದದ ಮೇಲೆ ಗೆರೆ ಎಳೆದು, ಬಾಣ ಬರೆದು, ಅರ್ಧ ತಾಸು ಅದನ್ನೇ ವಿವರಿಸಿದರು. ನನಗೆ ಇವತ್ತಿಗೂ ನೆನಪಿರುವುದು ಪಂಕ್ತಿಯೇ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನನ್ನ ಕುತೂಹಲ ಇರುವುದು ಬೇರೆ ಕಡೆ. ಈ ಕಾಕಾ ಎಂಥ ಜುಗ್ಗರೆಂದರೆ, ಕೊತ್ತಂಬರಿ ಸಿವುಡಿನ ಜೊತೆ ಎರಡು ಎಸಳು ಕರಿಬೇವು ಪುಕ್ಕಟೆ ಕೊಡದಿದ್ದರೆ ಕಾಯಿಪಲ್ಲೆಯವಳ ಮುಂದೆ ಸತ್ಯಾಗ್ರಹ ಹೂಡುವವರು. ಅಂಗಡಿಯ ಬಲ್ಬು ಸುಟ್ಟರೆ ಎದುರಿನ ಚಹಾದಂಗಡಿಯ ಬೆಳಕಿನಲ್ಲಿ ವ್ಯಾಪಾರ ಮಾಡುವವರು! ಅಂಥವರು ಕ್ಲಬ್ಬಿನ ಕಮಿಟಿಯಲ್ಲಿ ಗುದ್ದಾಡಿ ಒಂದು ಠರಾವು ಮಾಡಿಸಿಬಿಟ್ಟಿದ್ದರು. ಕ್ಲಬ್ಬು ಪರ ಊರಿಗೆ ಆಡಲು ಹೋದಾಗ ಜೊತೆಗೆ ಬರುವ ಅಭಿಮಾನಿಗಳ ಟಿಕೀಟಿನಲ್ಲಿ ಅರ್ಧ ಕ್ಲಬ್ಬಿನದು. ಬಸ್ಸಿನದೂ ಅರ್ಧ, ಅಲ್ಲಿನ ಮೈದಾನದ ಗೇಟಿನದೂ ಅರ್ಧ. ಉಳಿದರ್ಧಕ್ಕೂ ಕೈ ಝಾಡಿಸುವ ಹುಡುಗರದ್ದು ಕಾಕಾನ ಕಿಸೆಯಿಂದ!

"ಯಾಕ್ರಿ ಕಾಕಾ? ಆಡಾಕ ಹೋಗೋರಿಗೆ ಕೊಡ್ರಿ, ಖರೇ. ನೋಡಾಕ ಹೋಗೋರಿಗ್ಯಾಕ?"

"ಟೀಮು ಅಂದ್ರ ಮದುಮಗ ಇದ್ಹಂಗವಾ. ಮದುಮಗ ಒಬ್ಬನ ಹೊಂಟ್ರ ಮಂದಿ ಏನಂತಾರ? ಓಡಿ ಹೊಂಟಾನ ಅಂತಾರ! ಹಿಂದ ನಿಬ್ಬಣ ಬೇಕು. ನಿಬ್ಬಣಕ್ಕ ಕರಕೊಂಡು ಹೋಗಿ ಯಾರರ ಗಾಡಿ ಬಾಡಿಗಿ ಕೇಳ್ತಾರೇನು?"

ನಿಬ್ಬಣವೆಂದರೆ ಗೊತ್ತಲ್ಲ, ಮದುಮಗನ ಹಿಂದೆ ಅವನ ಕಡೆಯವರೆಲ್ಲ ಗಾಡಿ ಕಟ್ಟಿಕೊಂಡು ಹೋಗುವುದು. ಕೆಳಗಿನ ಸೀಮೆಯವರು ದಿಬ್ಬಣ ಎನ್ನುತ್ತಾರೆ. ಯಾವುದೋ ದೂರದೇಶದ ದೊಡ್ಡ ಕ್ಲಬ್ಬುಗಳೂ ಪರ ಊರಿಗೆ ಬರುವ ತಮ್ಮ ಅಭಿಮಾನಿಗಳ ಟಿಕೀಟಿನ ಭಾರವನ್ನು ಒಂದಿಷ್ಟು ತಾವೇ ಹೊರುತ್ತವೆ ಎಂಬ ಸುದ್ದಿಯನ್ನು ಯಾರೋ ಹುಡುಗ ಮೊಬೈಲಿನಲ್ಲಿ ತೋರಿಸಿದಾಗಂತೂ ಕಾಕಾನನ್ನು ಹಿಡಿಯುವವರಿಲ್ಲ. "ನೋಡ್ರಿ, ಬಿಳೇ ಮಂದಿಗೂ ನಿಬ್ಬಣದ ರೀತಿ ಗೊತ್ತೈತಿ!" ಎಂದು ಓಣಿಯ ತುಂಬ ಸಾರಿಕೊಂಡು ಬಂದರು.

ಸರಿ, ರೀತಿ ಗೊತ್ತಾಯಿತು. ಆದರೆ ಇಷ್ಟು ಹಚ್ಚಿಕೊಳ್ಳಲು ಕಾರಣ? ಜಗ್ಗಿ ಕೇಳಿದರೆ "ಮುಯ್ಯಿ ಐತವಾ" ಎಂದು ಎದ್ದು ಹೋಗುತ್ತಿದ್ದರು. ಮುಯ್ಯಿ ಎಂದರೆ ನಮ್ಮ ಮದುವೆಗೆ ಬಂದು ಮಾಡಿದವರಿಗೆ ನಾವು ತಿರುಗಿ ಮಾಡುವುದು. ಫುಟ್‌ಬಾಲ್ ಕ್ಲಬ್ಬು ಯಾರ ಮದುವೆಗೆ ಬಂದಿತ್ತು ಮಾರಾಯರೇ? ನಾನು ತಲೆ ಕೆರೆದುಕೊಂಡದ್ದೇ ಬಂತು.

ಒಮ್ಮೆ ಗದಗಿಗೆ ಹೋದೆವು. ಧಾರವಾಡದ ಲಕಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ನನ್ನ ಕೆಲಸ. ರವಿವಾರ ಕಾಕಾನ ಮನೆಗೆ ಹೋದರೆ ಬಸ್ಸು ಹತ್ತದೆ ಬಿಡುಗಡೆಯಿಲ್ಲ. ಕಾಕಾ ತಲೆಗೆ ರುಮಾಲು ಸುತ್ತಿ, ತೆಂಗಿನಕಾಯಿ ಹಿಡಿದು ಇಳಿದವರೇ ಅಲ್ಲಿನ ಕ್ಲಬ್ಬಿನ ಹಿರಿಯರೊಬ್ಬರ ಕೈಗೆ ಅದನ್ನಿಟ್ಟರು. "ಶರಣ್ರಿ ಬೀಗರ! ನಿಬ್ಬಣ ಬಂತು. ಚಾ ವ್ಯವಸ್ಥಾ ಎಲ್ಲಿ ಮಾಡೀರಿ?"

ಆ ಮನುಷ್ಯ ಕಾಯನ್ನೂ ಕಾಕಾನನ್ನೂ ತಿರುಗಿಸಿ ತಿರುಗಿಸಿ ನೋಡಿದರು. "ಯಾವ ಬೀಗರ್ರೀ? ನೀವು ನಮ್ಮ ಎದುರಾಳಿ ಅಲ್ಲೇನು?"

"ಮತ್ತ ಬೀಗರಂದ್ರ ಯಾರ್ರೀ?"

ನಕ್ಕು ನಕ್ಕು ಆ ಹಿರಿಯರೇ ಚಹಾ ಹೇಳಿ ಕಳಿಸಿದರು. ಜೊತೆಗೆ ಮಿರ್ಚಿ ಭಜಿಯೂ ಬಂತು. ಮೈದಾನದಲ್ಲಿ ಮಾತ್ರ ಬೀಗರು ನಮ್ಮನ್ನು ಚೆನ್ನಾಗಿ ಸೋಲಿಸಿದರು. ಹುಡುಗರು ಮುಖ ಇಳಿಬಿಟ್ಟು ಬಸ್ಸಿಗೆ ಬಂದರೆ ಕಾಕಾನ ಸಮಾಧಾನ ಸಿದ್ಧವಿತ್ತು: "ಹೆಣ್ಣು ಕೊಡಲಿಲ್ಲ, ಅಷ್ಟ. ಹೋಗಿ ನೋಡಿ ಬಂದ್ವಿ. ಬುತ್ತಿ ಬಿಚ್ಚರಿ."

ಎಲ್ಲ ಹೀಗೆ ಸುಸೂತ್ರ ನಡೆದಿದ್ದಾಗ ಈ ವರ್ಷ ಕ್ಲಬ್ಬಿಗೆ ಹೊಸ ಸೆಕ್ರೆಟರಿ ಬಂದರು. ತಾರಿಹಾಳದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟವರು, ಕೆಟ್ಟವರಲ್ಲ, ಲೆಕ್ಕದ ಮನುಷ್ಯ. ಅಷ್ಟರಲ್ಲಿ ನಮ್ಮ ಹುಡುಗರು ಎಂದೂ ಇಲ್ಲದೆ ಒಂದು ಟೂರ್ನಿಯ ಫೈನಲ್ ತಲುಪಿದ್ದರು. ಪಂದ್ಯ ಬೆಳಗಾವಿಯಲ್ಲಿ.

"ಕಾಕಾರ, ಪಂದ್ಯ ಮೊಬೈಲ್‌ನ್ಯಾಗ ಲೈವ್ ಬರತೈತ್ರಿ. ಮಂದಿನ್ನ ಹೊತ್ಕೊಂಡು ಹೋಗೂದ್ಯಾಕ? ಅರ್ಧಾ ಟಿಕೀಟು ಬಂದ್ ಮಾಡಿ, ಅದರಾಗ ಹುಡುಗ್ರಿಗೆ ಬೂಟ್ ತರೂಣು."

"ಬೂಟೂ ತರ್ರಿ. ಆದ್ರ ಮೊಬೈಲ್‌ನ್ಯಾಗ ಮದುಮಕ್ಕಳ ಮ್ಯಾಗ ಅಕ್ಕಿಕಾಳು ಹಾಕಾಕ ಬರತೈತೇನ್ರಿ?"

"ಈಗೀಗ ಅದೂ ಬರತೈತ್ರಿ!"

ಕಮಿಟಿಯೆಲ್ಲ ನಕ್ಕಿತು, ಅರ್ಧ ಟಿಕೀಟು ಅಲ್ಲಿಗೇ ಬಂದ್ ಆಯಿತು. ಮದುವೆಯ ಮಾತಿನಲ್ಲಿ ಕಾಕಾ ಸೋತದ್ದು ಅದೇ ಮೊದಲು. ಮನೆಗೆ ಬಂದವರು ಹೆಂಡತಿ, ಅಂದರೆ ನಮ್ಮ ಕಾಕು, ಕೊಟ್ಟ ಚಹಾವನ್ನು ಆರಲು ಬಿಟ್ಟು ಕೂತರು. "ಫೈನಲ್‌ಗೆ ಹುಡುಗ್ರು ಒಬ್ಬೊಂಟಿ ಹೊಂಟಾರಲ್ಲೋ" ಎಂದು ಗೋಡೆಗೆ ಹೇಳಿದರು. ನನಗೆ ನಗು ಬರಲಿಲ್ಲ. ಆಟವನ್ನೇ ನೋಡದ ಮನುಷ್ಯನಿಗೆ ಇಷ್ಟು ಸಂಕಟವೇ?

ಮಾರನೆಯ ದಿನ ಎದ್ದವರೇ ಪ್ರಿಂಟಿಂಗ್ ಪ್ರೆಸ್ಸಿಗೆ ಫೋನು ಹಚ್ಚಿದರು. "ನಮ್ಮ ಹುಡುಗರ ನಿಬ್ಬಣ ಐತಿ. ಐತವಾರ ಮುಂಜಾನೆ ಅಂಗಡಿ ಮುಂದಿಂದ ಬೆಳಗಾವಿಗೆ. ಗಾಡಿ ನಮ್ದು, ಊಟ ನಮ್ದು, ಎಲ್ಲಾರೂ ಬರ್ರಿ ಅಂತ ಕಾರ್ಡ್ ಹಾಕು."

ಪ್ರೆಸ್ಸಿನವನು ಹುಟ್ಟಿದಾಗಿನಿಂದ ಲಗ್ನಪತ್ರಿಕೆ ಹಾಕಿದವನು. ನಿಬ್ಬಣ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಮುಂದಿನದೆಲ್ಲ ಅವನ ಕೈಯೇ ಮಾಡಿ ಮುಗಿಸಿತು. ಮೇಲೆ ಗಣಪತಿ, ಆಚೀಚೆ ಬಾಳೆಕಂಬ, ನಡುವೆ 'ಶುಭವಿವಾಹ', 'ಆಶೀರ್ವಾದವೇ ಉಡುಗೊರೆ'. ಎಲ್ಲಕ್ಕೂ ಕೆಳಗೆ, ಚಿಕ್ಕ ಮಕ್ಕಳ ಹೆಸರಿನಲ್ಲಿ ಹಾಕುತ್ತಾರಲ್ಲ, ಆ ಸಾಲು: 'ನಮ್ಮ ಕಾಕಾನ ಮದುವೆಗೆ ತಪ್ಪದೇ ಬನ್ನಿ!'

ಹೆಸರು ಬರೆಯಲು ಕೂತಾಗ ನಾನು ನೋಡಿ ಕಿರುಚಿದೆ. ಅಷ್ಟರಲ್ಲಿ ಅಂಗಡಿಯವರು ಅರ್ಧ ಕಾರ್ಡು ಹಂಚಿ ಬಂದಿದ್ದರು. ಕಾಕಾ ಕನ್ನಡಕ ಏರಿಸಿ ಓದಿ, "ಇರ್ಲಿ ಬಿಡು, ತಪ್ಪೇನೈತಿ ಇದರಾಗ?" ಎಂದರು. ಉಳಿದ ಕಾರ್ಡುಗಳಿಗೆ ಹೆಸರು ಹೇಳುತ್ತ ಹೋಗಿ, ತಮ್ಮ ಅಕ್ಕನ ಹೆಸರನ್ನೂ ಹೇಳಿದರು. ನನ್ನ ಪೆನ್ನು ನಿಂತಿತು.

ಆ ಅಕ್ಕ ನನಗೆ ಅತ್ತಿ. ತಾಯಿಯಿಲ್ಲದ ಕಾಕಾನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಕಾಕಾ ಬೇರೆ ಜಾತಿಯ ಕಾಕುವನ್ನು ಧಾರವಾಡದಲ್ಲಿ ರಜಿಸ್ಟರ್ ಮದುವೆಯಾದಾಗ ಮನೆಯಿಂದ ಯಾರೂ ಹೋಗಿರಲಿಲ್ಲ. ನಮ್ಮಪ್ಪ, ಉಳಿದವರು ಬರಬರುತ್ತ ಕರಗಿದರು. ಅತ್ತಿ ಮಾತ್ರ ಅಣ್ಣಿಗೇರಿ ಕಡೆಯ ತಮ್ಮ ಹಳ್ಳಿಯಿಂದ ಹುಬ್ಬಳ್ಳಿಯ ಸಂತೆಗೆ ಬಂದರೂ ತಮ್ಮನ ಹೊಸ್ತಿಲು ತುಳಿದವರಲ್ಲ. "ಬರಿಯವಾ" ಎಂದರು ಕಾಕಾ. "ಕಳಸೂದು ನನ್ನ ಕೆಲಸ. ಬರೂದು ಬಿಡೂದು ಆಕೀ ಖುಷಿ."

ರವಿವಾರ ಮುಂಜಾನೆ ಅಂಗಡಿಯ ಮುಂದಿನ ಗದ್ದಲವನ್ನು ಏನು ಹೇಳಲಿ! ಅರ್ಧ ಜನ ಕ್ಲಬ್ಬಿನ ಬಣ್ಣದ ಅಂಗಿ ತೊಟ್ಟವರು, ಅರ್ಧ ಜನ ರೇಷ್ಮೆ ಸೀರೆ ಉಟ್ಟವರು. ಒಬ್ಬರ ಕೈಯಲ್ಲಿ ಪೀಪಿ, ಇನ್ನೊಬ್ಬರ ಕೈಯಲ್ಲಿ ಉಡುಗೊರೆಯ ಕುಪ್ಪಸದ ಕಣ.

"ಮದುಮಗ ಎಲ್ಲಿ ಅದಾನ್ರಿ?" ಎಂದರು ರುಮಾಲಿನ ಅಜ್ಜ ಒಬ್ಬರು.

ಕಾಕಾ ಸಾಲಾಗಿ ನಿಂತ ಆಟಗಾರರನ್ನು ತೋರಿಸಿದರು.

"ಹನ್ನೊಂದು ಮಂದಿ? ಸಾಮೂಹಿಕ ವಿವಾಹ ಏನ್ರಿ?"

"ಹಂಗ ತಿಳ್ಕೊರಿ. ಊಟ ಐತಿ."

"ಹಂಗಾರ ನಡೀರಿ!" ಎಂದು ಅಜ್ಜ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿ ಕಿಟಕಿ ಹಿಡಿದರು. ಹುಡುಗರನ್ನು ಕಳಿಸಲು ಬಂದಿದ್ದ ಸೆಕ್ರೆಟರಿ ಬಾಯಿ ತೆರೆದು ನಿಂತವರು, ಯಾರೋ ಅಜ್ಜಿ "ಸರೀರಿ, ಹತ್ತರಿ" ಎಂದು ದೂಡಿದ್ದಕ್ಕೆ ತಾವೂ ಹತ್ತಿಬಿಟ್ಟರು.

ಆಗ ಒಂದು ಆಟೋ ಬಂದು ನಿಂತಿತು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಬಗಲಲ್ಲಿ ಒಂದು ಕೈಚೀಲ. ಅತ್ತಿ! ಕಾಕಾನ ಕೈಯ ತೆಂಗಿನಕಾಯಿ ಹಾಗೇ ಉಳಿಯಿತು. ಕಾಕು ಸರ್ರನೆ ಅಂಗಡಿಯ ಹಿಂದಿನ ಮನೆಯೊಳಗೆ ಹೋದರು. ನಾನು ಹಿಂದೆ ಓಡಿದೆ. ಅಡಿಗೆಮನೆಯಲ್ಲಿ ಕಾಕು, ನಿಬ್ಬಣದ ಊಟಕ್ಕೆಂದು ಮಾಡಿ ಮೊದಲೇ ಗಟ್ಟಿಯಾಗಿ ಮುಚ್ಚಿದ್ದ ಸಿಹಿ ಮಾದಲಿಯ ಡಬ್ಬಿಯನ್ನು ಮತ್ತೆ ಮತ್ತೆ ಒತ್ತಿ ಮುಚ್ಚುತ್ತಿದ್ದರು.

"ಆವತ್ತು ರಜಿಸ್ಟರ್ ಆಫೀಸಿನ್ಯಾಗ ಸಾಕ್ಷಿ ಬೇಕಂದ್ರು" ಎಂದರು, ನಾನು ಏನೂ ಕೇಳದೆಯೇ. "ಬರ್ತೇವಂದ ಗೆಳ್ಯಾರೂ ಹೆದರಿ ಬರಲಿಲ್ಲ. ನಿಮ್ಮ ಕಾಕಾ ಅಕ್ಕ ಬರ್ತಾಳಂತ ಬಾಗಲಾ ನೋಡ್ಕೋಂತ ಕುಂತಿದ್ರು. ಹೊರಗ ಈ ಕ್ಲಬ್ಬಿನ ಹುಡುಗ್ರು ಹೊಂಟಿದ್ರು, ಹುಬ್ಬಳ್ಳಿಯಿಂದ ಆಡಾಕ ಬಂದೋರು. ಅವರ ಬೆನ್ನಿಗೂ ಯಾರೂ ಇರಲಿಲ್ಲ. ಸಾಕ್ಷಿಗೆ ಮೂರ ಮಂದಿ ಸಾಕಿತ್ತವಾ, ಕರದ ಕೂಡ್ಲೇ ಎಲ್ಲಾರೂ ಒಳಗ ಬಂದ್ರು. ಸಹಿ ಆದ ಮ್ಯಾಗ ಕೆಸರು ಬೂಟಿನ್ಯಾಗ ನಿಂತು ಎಷ್ಟು ಚಪ್ಪಾಳಿ ಹೊಡದ್ರಂತಿ! ನಮ್ಮ ನಿಬ್ಬಣ ಅಂದ್ರ ಅವರೇ."

ಇಷ್ಟು ವರ್ಷ ನಾನು ನಕ್ಕ ಆ ಮುಯ್ಯಿ ಇದು!

ತಿರುಗಿ ನೋಡಿದರೆ ಅತ್ತಿ ಹೊಸ್ತಿಲು ದಾಟಿ ಒಳಗೇ ನಿಂತಿದ್ದರು. "ಹುಡುಗ್ರ ಕಡೆ ಕಾರ್ಡ್ ಓದಿಸಿದೆ" ಎಂದರು ಕಾಕುವಿನ ಮುಖ ನೋಡದೆ. "ಕಾಕಾನ ಮದುವಿ ಅಂತ ಓದಿದ್ರು. ಈ ಸಲರ ಹೋಗಬೇಕಂತ ಬಂದೆ." ಕಾಕು ಡಬ್ಬಿ ಬಿಟ್ಟು, ಅವರ ಕಾಲಿಗೆ ಬಿದ್ದರು. ಅತ್ತಿ ಡಬ್ಬಿಯನ್ನು ತಾವೇ ಎತ್ತಿಕೊಂಡು ಬಸ್ಸಿಗೆ ನಡೆದರು.

ಬೆಳಗಾವಿಯ ಮೈದಾನದಲ್ಲಿ ಹಾಗೆ ಚಪ್ಪಾಳೆ ಬಿದ್ದದ್ದನ್ನು ನಾನಂತೂ ಕೇಳಿಲ್ಲ. ರೇಷ್ಮೆ ಸೀರೆಯವರಿಗೆ ಯಾವುದು ಗೋಲು, ಯಾವುದು ಫೌಲು ಎಂಬ ಭೇದವಿರಲಿಲ್ಲ. ನಮ್ಮ ಹುಡುಗ ಬಿದ್ದರೂ ಚಪ್ಪಾಳೆ, ಎದ್ದರೂ ಚಪ್ಪಾಳೆ! ಹುಡುಗರು ಮತ್ತೆ ಮತ್ತೆ ಈ ಕಡೆ ನೋಡಿ ನಗುತ್ತಿದ್ದರು, ನಕ್ಕು ಇನ್ನೂ ಜೋರಾಗಿ ಓಡುತ್ತಿದ್ದರು. ಸೆಕ್ರೆಟರಿ ಅದನ್ನು ಬಹಳ ಹೊತ್ತು ನೋಡಿ, "ಕಾಕಾರ, ಅರ್ಧಾ ಟಿಕೀಟು ಇರ್ಲಿ ಬಿಡ್ರಿ" ಎಂದರು. ಕಾಕಾ ಕೇಳಿಸಿಕೊಂಡಂತೆ ಕಾಣಲಿಲ್ಲ. ಎಂದಿನಂತೆ ಆಟಕ್ಕೆ ಬೆನ್ನು ಮಾಡಿ ಕೂತಿದ್ದರು. ಅವರೆದುರಿಗೆ ಜಮಖಾನೆಯ ಮೇಲೆ ಅತ್ತಿ, ಅತ್ತಿಯ ಪಕ್ಕದಲ್ಲಿ ಕಾಕು.

ಪಂದ್ಯ ಯಾರು ಗೆದ್ದರೆಂದು ನನ್ನನ್ನು ಕೇಳಬೇಡಿ. ಆವತ್ತು ಸ್ವಲ್ಪ ಹೊತ್ತಿಗೆ ನಾನೂ ಮೈದಾನಕ್ಕೆ ಬೆನ್ನು ಮಾಡಿ ಕೂತುಬಿಟ್ಟಿದ್ದೆ. ಯಾವುದೋ ಗಳಿಗೆಯಲ್ಲಿ ಎಲ್ಲರೂ ಹೋ ಎಂದು ಎದ್ದು ಮೈದಾನದ ಕಡೆಗೆ ಅಕ್ಕಿಕಾಳು ಎರಚಿದರು. ಅತ್ತಿಯೂ ಕೈಚೀಲದಿಂದ ಒಂದು ಮುಷ್ಟಿ ತೆಗೆದರು. ಆದರೆ ಅವರು ಹಾಕಿದ್ದು ಮೈದಾನಕ್ಕಲ್ಲ. ಒಂದಿಷ್ಟು ಕಾಕುವಿನ ತಲೆಯ ಮೇಲೆ ಬಿತ್ತು, ಉಳಿದದ್ದು ಕಾಕಾನ ರುಮಾಲಿನ ಮೇಲೆ.

"ನಿಬ್ಬಣ ಭಾಳ ತಡಾ ಮಾಡ್ತೋ ತಮ್ಮಾ" ಎಂದರು ಅತ್ತಿ, ಸೆರಗಿನಿಂದ ಕಣ್ಣೊರೆಸಿಕೊಂಡು.

ಕಾಕಾ ರುಮಾಲಿನ ಅಕ್ಕಿಕಾಳನ್ನು ಕೊಡವಲಿಲ್ಲ. "ಇರ್ಲಿ ಬಿಡಕ್ಕ" ಎಂದರು. "ಊಟಕ್ಕ ಇನ್ನೂ ಯಾರೂ ಕುಂತಿಲ್ಲ."