ಕಂಪನಿ ಫೈನ್, ಬೆರಳು ಮಾತ್ರ ಬಾಕಿ

ಮುಖ್ಯಾಧಿಕಾರಿಗಳು, ದಂಡ ವಿಭಾಗ,
ಕಾರ್ಮಿಕರ ಗಾಯ-ಪರಿಹಾರ ಅಂಕಿಅಂಶ ಕಚೇರಿ, ಇವರ ದಿವ್ಯ ಸನ್ನಿಧಿಗೆ

ಮಾನ್ಯರೇ,

ತಮಗೂ, ತಮ್ಮನ್ನು ಹೊತ್ತ ಕುರ್ಚಿಗೂ, ತಮ್ಮ ಬಾಗಿಲ ಮುಂದಿನ ಉದ್ದನೆಯ ಬೆಂಚಿಗೂ (ಅದರೊಡನೆ ನನಗೀಗ ನೆಂಟಸ್ತಿಕೆಯೇ ಬೆಳೆದಿದೆ) ನನ್ನ ನಮಸ್ಕಾರಗಳು. ಇದು ಎಡಗೈ ಬರಹ. ಅಕ್ಷರಗಳು ಕುಡಿದವರಂತೆ ಓಲಾಡಿದರೆ ಕ್ಷಮಿಸಬೇಕು.

ನಾನು ಲಾಂಡ್ರಿಯೊಂದರಲ್ಲಿ ಇಸ್ತ್ರಿ ರೋಲರಿನ ಮುಂದೆ ನಿಲ್ಲುವವನು. ಆ ರೋಲರು ಒಂದು ದಿನ ದುಪ್ಪಟಿಯ ಜೊತೆಗೆ ನನ್ನ ಬಲಗೈಯ ಎರಡು ಬೆರಳನ್ನೂ ಇಸ್ತ್ರಿ ಮಾಡಿಕೊಟ್ಟಿತು. ಒಂದು ಆಪರೇಷನ್ ಆಯಿತು. ಎರಡನೆಯದಕ್ಕೆ ತಮ್ಮ ಕಚೇರಿಯ ದಾಖಲೆ ಸಂಖ್ಯೆ ಬೇಕು, ಆ ಸಂಖ್ಯೆ ಹುಟ್ಟಬೇಕಾದರೆ ಕಂಪನಿ ತಮಗೆ ಗಾಯದ ವರದಿ ಕಳಿಸಬೇಕು, ಕಂಪನಿ ಕಳಿಸಲಿಲ್ಲ. ನಾನು ದೂರು ಕೊಟ್ಟೆ. ತಾವು ಇಂಗ್ಲಿಷಿನಲ್ಲಿ ಉತ್ತರಿಸಿದಿರಿ: "ಯುವರ್ ಎಂಪ್ಲಾಯರ್ ಹ್ಯಾಸ್ ಬೀನ್ ಫೈನ್ಡ್."

ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಹಿಡಿದುಕೊಂಡಿದ್ದವನು ನಾನು. ಮೂರನೆಯ ವರ್ಷ ಅದೇ ನನ್ನನ್ನು ಬಿಟ್ಟಿತು. ಫೈನ್ ಎಂದರೆ ಸೊಗಸು, ಕ್ಷೇಮ; "ಐ ಆಮ್ ಫೈನ್, ಥ್ಯಾಂಕ್ಯೂ" ಎಂದು ಮೇಷ್ಟ್ರು ಇಡೀ ತರಗತಿಯಿಂದ ಕೂಗಿಸುತ್ತಿದ್ದರು. ಹೀಗಾಗಿ, ತಾವು ಪರೀಕ್ಷಿಸಿ ನೋಡಿ ಕಂಪನಿ ಸೊಗಸಾಗಿದೆಯೆಂದು ಸರ್ಟಿಫಿಕೇಟು ಕೊಟ್ಟಿದ್ದೀರೆಂದುಕೊಂಡು ಮ್ಯಾನೇಜರರನ್ನು ಅಭಿನಂದಿಸಲು ಹೋದೆ. ಅವರು ನನ್ನನ್ನು ನೋಡಿದ ಬಿಸಿಗೆ ಒಂದು ದುಪ್ಪಟಿ ಒಣಗುತ್ತಿತ್ತು. ಮನೆಯಲ್ಲಿ ಅಕ್ಕ ಕಾಗದ ಕಸಿದು ಓದಿ, "ಅಯ್ಯೋ ನಿನ್ನ! ಫೈನ್ ಅಂದ್ರೆ ದಂಡ ಕಣೋ, ದಂಡ. ನೀನು ಕಾಲೇಜಿಗೆ ಹೋಗಿದ್ದೂ ದಂಡ" ಎಂದಳು. ನನ್ನವಳು ಬದುಕಿದ್ದರೆ ಇಷ್ಟು ಮಾನ ಹೋಗುತ್ತಿರಲಿಲ್ಲ. ಅವಳು ಬೈದರೂ ಬಾಗಿಲು ಹಾಕಿ ಬೈಯುತ್ತಿದ್ದಳು. ಈಗ ದಿನಾ ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಹಾಕುವವಳೂ ಅಕ್ಕನೇ, ಬೀದಿಗೆ ಕೇಳುವಂತೆ ಬೈಯುವವಳೂ ಅಕ್ಕನೇ. ಅದಿರಲಿ.

ತಮ್ಮ ದಂಡದ ಮಹಿಮೆಯನ್ನು ಎಷ್ಟು ಹೊಗಳಿದರೂ ಸಾಲದು. ವರದಿ ಬರೆಯುವ ರಗಳೆಗಿಂತ ದಂಡವೇ ಅಗ್ಗವೆಂದು ಕಂಪನಿ ಕಟ್ಟಿತು, ತಾವು ರಸೀದಿ ಹರಿದಿರಿ, ಇಬ್ಬರೂ ಫೈನ್. ಬೆರಳಿನ ಗತಿಯೇನೆಂದು ಕೇಳಿದ್ದಕ್ಕೆ ತಮ್ಮ ಗುಮಾಸ್ತರು, "ದಂಡ ಕಟ್ಟಿದಾರಲ್ಲ ಯಜಮಾನ್ರೇ, ಫೈಲ್ ಮುಗೀತು. ವರದಿನೇ ಬಂದಿಲ್ಲ ಅಂದ್ಮೇಲೆ ನಮ್ಮ ಲೆಕ್ಕದಲ್ಲಿ ನಿಮಗೆ ಗಾಯನೇ ಆಗಿಲ್ಲ" ಎಂದರು. ಇಷ್ಟು ಚುರುಕಾಗಿ ವಾಸಿ ಮಾಡುವ ಕೈಗುಣವನ್ನು ನಾನು ಯಾವ ವೈದ್ಯರಲ್ಲೂ ಕಂಡಿಲ್ಲ.

ಆಸ್ಪತ್ರೆಯ ಡಾಕ್ಟರಿಗೆ ಪಾಪ ಈ ವಿದ್ಯೆ ಗೊತ್ತಿಲ್ಲ. ಎರಡನೆಯ ಆಪರೇಷನ್ ಆಗದೆ ಈ ತಿಂಗಳು ದಾಟಿದರೆ ಆ ಬೆರಳುಗಳು ಇನ್ನು ಈ ಜನ್ಮದಲ್ಲಿ ಬಾಗುವುದಿಲ್ಲ ಎನ್ನುತ್ತಾರೆ. ಆದಕಾರಣ ತಾವು ದಯಮಾಡಿ, ಗಾಯವಾಗಿಲ್ಲವೆಂಬ ಆದೇಶವನ್ನು ಜವಾನರೊಬ್ಬರ ಮೂಲಕ ನನ್ನ ಬೆರಳುಗಳಿಗೇ ಗಟ್ಟಿಯಾಗಿ ಓದಿಸಬೇಕು. ಕೇಳಿಯೂ ಬಾಗದೆ ಮೊಂಡು ಹಿಡಿದರೆ ಅವಕ್ಕೂ ದಂಡ ಹಾಕಬೇಕು.

ತಮ್ಮ ವಿಶ್ವಾಸಿ,
ಲಾಂಡ್ರಿಯ ರೋಲರಿನವನು

ತಾ.ಕ.: ಕಂಪನಿ ಕೊಡದ ವರದಿಯನ್ನು ಸೋಮವಾರ ನಾನೇ ತರುತ್ತೇನೆ, ಕೈಯನ್ನು ತಮ್ಮ ಮೇಜಿನ ಮೇಲಿಡುತ್ತೇನೆ. ಸ್ವೀಕೃತಿಯ ಮೊಹರನ್ನು ಅದರ ಮೇಲೆಯೇ ಒತ್ತಿಕೊಡಿ. ಸಂಕೋಚವಿಲ್ಲದೆ ಜೋರಾಗಿ ಒತ್ತಿ. ತಮ್ಮ ಲೆಕ್ಕದಲ್ಲಿ ಅದು ನೋಯುವುದಿಲ್ಲ.