ಡಾಬಕಾ ಗುಡ್ಡದ ನವಿಲಿಗೆ, ನಮ್ಮ ಜೋಳದ ವಿಷಯವಾಗಿ

ಡಾಬಕಾ ಗುಡ್ಡದ ಕುರುಚಲು ಕಾಡಿನಲ್ಲಿ ಸಕುಟುಂಬ ವಾಸವಾಗಿರುವ, ರಾಷ್ಟ್ರಪಕ್ಷಿಯ ಪದವಿಯನ್ನು ಯಾವ ಸಂಬಳವೂ ಇಲ್ಲದೆ ಅಲಂಕರಿಸಿರುವ ಶ್ರೀ ನವಿಲು ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಬೀದರದ ಚಿದ್ರಿಯ ನಿವಾಸಿಯೂ, ಸರ್ಕಾರಿ ಕಚೇರಿಯೊಂದರಲ್ಲಿ ಕೂತು ಕಂಡವರ ಅರ್ಜಿಗಳಿಗೆಲ್ಲ ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬರೆದು ನಿವೃತ್ತನಾದವನೂ ಆದ ಉತ್ತಮ ಎಂಬ ನಾನು, ಈಗ ನನ್ನದೇ ಅರ್ಜಿ ಹಿಡಿದುಕೊಂಡು ತಮ್ಮೆದುರು ನಿಂತಿದ್ದೇನೆ. ತಾವು, ತಮ್ಮ ಧರ್ಮಪತ್ನಿಯರು ಮತ್ತು ಮರಿಗಳು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಂಬುವ ಮಾತೇನು ಬಂತು, ಕಣ್ಣಾರೆ ಕಂಡಿದ್ದೇನೆ, ನಮ್ಮ ಜೋಳ ತಿಂದು ಎಲ್ಲರೂ ಮೈತುಂಬಿಕೊಂಡಿದ್ದೀರಿ.

ತಮ್ಮ ಗುಡ್ಡದ ಬುಡದಲ್ಲಿರುವ ಹೊಲ ನನ್ನ ಹೆಂಡತಿ ಮಹಾಮಾಯಾಳ ಹೆಸರಿನಲ್ಲಿದೆ, ಸಾವಯವ ಕೃಷಿಯ ಹುಚ್ಚು ಮಾತ್ರ ನನ್ನ ಹೆಸರಿನಲ್ಲಿದೆ. ನಿವೃತ್ತನಾದ ಮೇಲೆ ಬೀದರದ ಒಂದು ತರಬೇತಿ ಶಿಬಿರಕ್ಕೆ ಹೋಗಿ ಬಂದವನು, ಎಣ್ಣೆ ಹೊಡೆಯದೆ (ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆಯೆಂದೇ ಹೆಸರು), ಗೊಬ್ಬರದ ಚೀಲ ತಾರದೆ ಜೋಳ ಬೆಳೆಯುತ್ತೇನೆಂದು ಹಟ ಹಿಡಿದೆ. ಮೊದಲ ವರ್ಷ ಕಸ ಬೆಳೆಯಿತು, ಮರುವರ್ಷ ಹುಳ ಬೆಳೆಯಿತು. ಈ ಸಲ, ನನ್ನ ಅವ್ವ ಬೂದಿ, ಬೇವಿನೆಲೆ ಬೆರೆಸಿ ಗಡಿಗೆಯಲ್ಲಿ ಕಾಯ್ದಿಟ್ಟು ಹೋಗಿದ್ದ ಹಳೆಯ ಬಿಳಿಜೋಳದಲ್ಲಿ ತಳಕ್ಕುಳಿದಿದ್ದ ಅಷ್ಟನ್ನೂ ಬಿತ್ತಿದೆ. ಭಾಲ್ಕಿಯ ಒಕ್ಕಲುತನದ ಮನೆಯಲ್ಲಿ ಬೆಳೆದ ಮಹಾಮಾಯಾ ಬಿತ್ತನೆಯ ದಿನವೇ ತೀರ್ಪು ಕೊಟ್ಟಳು: “ಈ ಸಲ ಈ ಹೊಲದ ರೊಟ್ಟಿ ನನ್ನ ತಾಟಿಗಿ ಬರಲಿಲ್ಲಂದ್ರ, ಮುಂದಿನ ವರ್ಷ ಹೊಲ ಸರ್ದಾರ ಭಾಯಿಗಿ ಪಾಲಿಗಿ ಕೊಡ್ತೇನಿ ನೋಡ್ರಿ. ನೀವು ಮನ್ಯಾಗ ಕೂತು ಕಾಗದ ಬರಕೋತ ಇರ್ರಿ.” ಸರ್ದಾರ ಭಾಯಿ ಪಕ್ಕದ ಹೊಲದವರು, ಬಂಗಾರದಂಥ ಮನುಷ್ಯ, ಆದರೆ ಎಲೆ ಅಲುಗಿದರೂ ಎಣ್ಣೆ ಹೊಡೆಯುವವರು. ಹೊಲ ಅವರ ಕೈಗೆ ಹೋದರೆ ಸೋಯಾ ಬರುತ್ತದೆ, ಅವ್ವನ ಬೀಜ ಅಲ್ಲಿಗೆ ಮುಗಿಯುತ್ತದೆ.

ನಾನು ಪಟ್ಟ ಪಾಡು ತಮಗೆ ತಿಳಿಯಲೆಂದು ಬರೆಯುತ್ತಿದ್ದೇನೆ. ಸೆಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸಿ ಚಿದ್ರಿಯ ಮಾಳಿಗೆಯ ಮೇಲೆ ಜೀವಾಮೃತ ಕೊಳೆಯಲಿಟ್ಟೆ, ಓಣಿಯವರು ನನ್ನೊಂದಿಗೆ ಮಾತು ಬಿಟ್ಟರು. ಅದನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೊಲದ ಕಡೆ ಹೋಗುವ ಔರಾದ ಬಸ್ಸು ಹತ್ತಿದರೆ ಕಂಡಕ್ಟರ ಮೂಗು ಹಿಡಿದು, “ಸಾಹೇಬ್ರ, ಇದು ಅಮೃತ ಆದ್ರ ನನಗ ಸಾವೇ ಛಲೋ ಬಿಡ್ರಿ” ಎಂದ. ಇಷ್ಟೆಲ್ಲ ಮರ್ಯಾದೆ ಕಳೆದುಕೊಂಡು ಬೆಳೆಸಿದ ಮೇಲೆ ಜೋಳ ಎದೆಯುದ್ದ ನಿಂತು ತೆನೆ ಹಾಕಿತು.

ತಪ್ಪು ನಡೆದದ್ದು ಎಳ್ಳ ಅಮಾವಾಸ್ಯೆಯ ದಿನ. ನಾವು ಪೂಜೆ ಪುನಸ್ಕಾರದವರಲ್ಲ, ಆದರೆ ಆ ದಿನ ಕಾಳು, ಸೊಪ್ಪು ಬೆರೆಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಣ್ಣದ ಮನೆ ಬೀದರ ಜಿಲ್ಲೆಯಲ್ಲಿ ಹುಡುಕಿದರೂ ಸಿಗದು. ಉಣ್ಣುವ ಮೊದಲು ಭೂತಾಯಿಗೆಂದು ಅಡುಗೆಯನ್ನು ಹೊಲಕ್ಕೆ ಚೆಲ್ಲುತ್ತೇವೆ, ಅದೇ ಚರಗ. ಎಲ್ಲರೂ ಬದುಗುಂಟ ನಾಲ್ಕು ತುತ್ತು ಚೆಲ್ಲಿ ಊಟಕ್ಕೆ ಕೂರುತ್ತಾರೆ. ಆದರೆ ‘ಹಕ್ಕಿಗಳನ್ನು ಹೊಲಕ್ಕೆ ಕರೆಯಿರಿ, ಹುಳ ತಿನ್ನುತ್ತವೆ’ ಎಂದು ಶಿಬಿರದಲ್ಲಿ ಕೇಳಿ ಬಂದಿದ್ದ ನಾನು ಬುಟ್ಟಿಯನ್ನೇ ಎತ್ತಿಕೊಂಡು, ತಮ್ಮ ಗುಡ್ಡದ ಬುಡದಿಂದ ಶುರುಮಾಡಿ ನಮ್ಮ ಜೋಳದ ನಟ್ಟನಡುವಿನವರೆಗೆ, ಮದುವೆ ಮನೆಗೆ ದಾರಿ ತೋರಿಸಿದ ಹಾಗೆ ಚರಗ ಚೆಲ್ಲುತ್ತ ಬಂದೆ. ನನ್ನ ಮನಸ್ಸಿನಲ್ಲಿದ್ದದ್ದು ಗುಬ್ಬಿ, ಗೊರವಂಕ. ಬಂದವರು ತಾವು.

ಭಜ್ಜಿಯ ರುಚಿ ನೋಡುತ್ತ ನೋಡುತ್ತ ಹಾಲುದುಂಬಿದ ತೆನೆಯ ತನಕ ಬಂದು ತಲುಪಿದಿರಿ, ಮತ್ತೆ ತಿರುಗಿ ಹೋಗಲಿಲ್ಲ. ಮುಂಜಾನೆ ತಾವು, ಮಧ್ಯಾಹ್ನ ತಮ್ಮ ಪತ್ನಿಯರು, ಇಳಿಹೊತ್ತಿಗೆ ಬೀಗರು! ತಾವು ರಾಷ್ಟ್ರಪಕ್ಷಿ, ಕಲ್ಲೆತ್ತಿದರೆ ನಾನು ಕಾನೂನಿಗೆ ಸಿಕ್ಕುತ್ತೇನೆ, ಸುಮ್ಮನಿದ್ದರೆ ಮಹಾಮಾಯಾಳಿಗೆ ಸಿಕ್ಕುತ್ತೇನೆ. ತಗಡು ಬಡಿದರೆ ತಾಳ ಸಿಕ್ಕಿತೆಂದು ಗರಿಗೆದರಿ ಕುಣಿದಿರಿ. ಕಚೇರಿಗೆ ಹಾಕಿಕೊಂಡು ಹೋಗುತ್ತಿದ್ದ ನನ್ನ ಸಫಾರಿಯನ್ನು ಬೆದರುಗೊಂಬೆಗೆ ತೊಡಿಸಿದೆ, ತಾವು ಅದರ ಹೆಗಲ ಮೇಲೆಯೇ ಕೂತು ಕೂಗಿದಿರಿ. ಕಚೇರಿಯಲ್ಲೂ ಆ ಸಫಾರಿಗೆ ಯಾರೂ ಅಂಜಿರಲಿಲ್ಲ, ಆದ್ದರಿಂದ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕಡೆಗೆ ಬೀಜಕ್ಕಾದರೂ ಉಳಿಯಲೆಂದು ಮಹಾಮಾಯಾಳ ಹಸಿರು ಸೀರೆಯೊಂದನ್ನು ಕೇಳದೆ ತಂದು, ಹರಿದು, ಮೂಲೆಯ ಒಂದಿಷ್ಟು ತೆನೆಗಳಿಗೆ ಕಟ್ಟಿದೆ. ಅತ್ತ ಮಾತ್ರ ತಾವು ಕೊಕ್ಕು ಚಾಚಲಿಲ್ಲ. ನನ್ನ ಸಫಾರಿಗೆ ಅಂಜದವರು ಆಕೆಯ ಸೀರೆಗೆ ಅಂಜಿದಿರಿ, ಈ ವಿಷಯದಲ್ಲಿ ತಮ್ಮ ಅನುಭವವೂ ನನ್ನ ಅನುಭವವೂ ಒಂದೇ.

ಹಾಗೆಂದು ತಮ್ಮ ಗುಣವನ್ನು ಮರೆಯುವವನಲ್ಲ ನಾನು. ಸಾವಯವ ಪ್ರಮಾಣಪತ್ರ ಬೇಕೆಂದರೆ ವರ್ಷಗಟ್ಟಲೆ ಕಾಗದ ಒದಗಿಸಬೇಕಂತೆ. ತಾವು ಒಂದು ಕಾಗದವನ್ನೂ ಕೇಳದೆ ತೆನೆ ತೆನೆಯನ್ನೂ ಖುದ್ದು ಪರೀಕ್ಷಿಸಿ ತೇರ್ಗಡೆ ಮಾಡಿದಿರಿ. ಬದುವಿನ ಆಚೆ ಸರ್ದಾರ ಭಾಯಿಯ ಜೋಳ ತೂಗಾಡುತ್ತಿದ್ದರೂ ಅತ್ತ ಕತ್ತು ಸಹ ಹೊರಳಿಸಲಿಲ್ಲ. ಇಂಥ ಕಟ್ಟುನಿಟ್ಟಿನ ಅಧಿಕಾರಿಗಳನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಆದ್ದರಿಂದ, ತಿಂದದ್ದಕ್ಕೆ ಒಂದು ರಸೀದಿಯನ್ನೂ, ಸಾಧ್ಯವಾದರೆ ವಾರಕ್ಕೊಂದು ಉಪವಾಸವನ್ನೂ, ಅದೂ ಆಗದಿದ್ದರೆ ತಿಂದ ಕಾಳಿನಲ್ಲಿ ಅರ್ಧವನ್ನಾದರೂ ಮರಳಿ ತೆನೆಗೆ ಅಂಟಿಸಿಕೊಡುವ ವ್ಯವಸ್ಥೆಯನ್ನೂ ದಯಪಾಲಿಸಬೇಕೆಂದು ಕೋರುತ್ತೇನೆ.

ತೆನೆ ಕೊಯ್ದು ರಾಶಿ ಮಾಡಬೇಕಿದ್ದ ದಿನದ ಸಂಗತಿ ತಾವೂ ನೋಡಿದ್ದೇ. ‘ಬೆಳೆ ಭರ್ಜರಿ ಇದೆ’ ಎಂದು ಮನೆಯಲ್ಲಿ ಸುಳ್ಳು ಹೇಳುತ್ತ ಬಂದಿದ್ದ ನಾನು ಬದುವಿನ ಮೇಲೆ ತಲೆತಗ್ಗಿಸಿ ನಿಂತಿದ್ದೆ. ಖಾಲಿ ಚೀಲಗಳನ್ನು ಕಂಕುಳಲ್ಲಿ ಹಿಡಿದು ಬಂದ ಮಹಾಮಾಯಾ ಬರೀ ದಂಟು ನಿಂತ ಹೊಲವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆಕೆ ಬಾಯಿ ತೆರೆಯುವಷ್ಟರಲ್ಲಿ ಸರ್ದಾರ ಭಾಯಿಯ ಹೆಂಡತಿ ಫಕ್ರುನ್ನಿಸಾ ಬದು ದಾಟಿ ಬಂದರು. “ಅಕ್ಕಾ, ಇಷ್ಟ್ ದಿನದಾಗ ಒಂದ್ ನವಿಲ್ ಸೈತ ನಮ್ಮ ಹೊಲದಾಗ ಬಾಯಿ ಹಾಕಿಲ್ಲ ನೋಡ್ರಿ. ಹಕ್ಕಿ ಮೂಸಿ ನೋಡಲಾರದ್ದು ನಮ್ಮ ಮಕ್ಳಿಗಿ ಹ್ಯಾಂಗ ಉಣಸ್ಲಿರಿ? ಮನಿಗಿ ಉಣ್ಣಾಕ ನಿಮ್ಮ ಜ್ವಾಳಾನೇ ಒಂದಿಷ್ಟ್ ಕೊಡ್ರಿ” ಎಂದರು. ನೋಡಿ ತಮ್ಮ ಲೀಲೆ! ನನ್ನ ಜೋಳವನ್ನು ಕೇಳುವವರನ್ನೂ ತಾವೇ ತಂದಿರಿ, ಕೊಡಲು ಇಲ್ಲದಂತೆಯೂ ತಾವೇ ಮಾಡಿದಿರಿ.

ಆಗ ಮಹಾಮಾಯಾಳ ಕಣ್ಣು ಮೂಲೆಯ ಹಸಿರು ಗಂಟುಗಳ ಮೇಲೆ ಬಿತ್ತು. “ಇದು ನಮ್ಮ ತವರಮನಿ ಸೀರಿ ಅಲ್ಲೇನ್ರಿ?” ಎಂದು ಕೇಳಿದಳು. ನಾನು ಆಕಾಶ ನೋಡಿದೆ. ಆಕೆ ಒಂದು ಗಂಟು ಬಿಚ್ಚಿದಳು. ಒಳಗೆ ಕಾಳು ಗಿಡಿದುಕೊಂಡು ಮುತ್ತಿನ ಹಾಗೆ ಬೆಳ್ಳಗಿದ್ದ ತೆನೆ. ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಅವತ್ತು ಫಕ್ರುನ್ನಿಸಾ ಅವರ ಮನೆಯ ಬೀಸುಕಲ್ಲಿನಲ್ಲಿ ಬೀಸಿ ಮಾಡಿದ್ದು ಒಂದೇ ರೊಟ್ಟಿ, ಎಲ್ಲರಿಗೂ ಒಂದೊಂದು ಚೂರು ಬಂತು. ಮಹಾಮಾಯಾ ತನ್ನ ಚೂರನ್ನು ತಿಂದು ಮುಗಿಸಿ, “ಅತ್ತಿ ಕೈರೊಟ್ಟಿ ಹಿಂಗೇ ಇರ್ತಿತ್ತು. ತಾಟಿಗಿ ಬಂತಲ್ಲ, ಮಾತಂದ್ರ ಮಾತು, ಹೊಲ ನಿಮ್ಮ ಕೈಯಾಗೇ ಇರ್ಲಿ” ಎಂದಳು. ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಉಳಿದ ಬೀಜದಲ್ಲಿ ಅರ್ಧ ಅವ್ವನ ಗಡಿಗೆಗೆ ಹೋಯಿತು, ಅರ್ಧ ಫಕ್ರುನ್ನಿಸಾ ಅವರ ಸೆರಗಿಗೆ ಬಿತ್ತು. ಬದುವಿನ ಪಕ್ಕದ ಪಟ್ಟಿಗೆ ಮುಂದಿನ ವರ್ಷ ಎಣ್ಣೆ ಹೊಡೆಯುವುದಿಲ್ಲವೆಂದು ಸರ್ದಾರ ಭಾಯಿ ಒಪ್ಪಿಕೊಂಡಿದ್ದಾರೆ, ಮುಖ ಮಾತ್ರ ಗಂಟು ಹಾಕಿಕೊಂಡೇ ಇದ್ದಾರೆ.

ಈ ಎಲ್ಲ ಉಪಕಾರಕ್ಕೂ ಎಲ್ಲ ಅಪಕಾರಕ್ಕೂ ತಮಗೆ ಚಿರಋಣಿಯಾಗಿರುವ,

ತಮ್ಮ ವಿಶ್ವಾಸಿ,
ಉತ್ತಮ
ಚಿದ್ರಿ, ಬೀದರ

ಮರೆತ ಮಾತು: ಬರುವ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವ ಕೆಲಸವನ್ನು ನನ್ನಿಂದ ಕಸಿದುಕೊಳ್ಳಲಾಗಿದೆ. ಬೆದರುಗೊಂಬೆಯ ಮೈಮೇಲಿನ ಸಫಾರಿಯನ್ನೂ ತೆಗೆದು, ಅಳಿದುಳಿದ ಆ ಹಸಿರು ಸೀರೆಯನ್ನೇ ಉಡಿಸಲಾಗಿದೆ, ಸೊಂಟದ ಮೇಲೆ ಕೈ ಇಟ್ಟು ನಿಂತ ಹಾಗೆ. ಧೈರ್ಯವಿದ್ದರೆ ತಾವು ಬರಬಹುದು. ನಾನಂತೂ ಅದರ ಮುಂದೆ ಹಾಯುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತಿದ್ದೇನೆ.